ಸುಳ್ಳು ಹಾಲಿನ ಸಾರು

ನಮ್ಮ ಅತ್ತಿಗೆ ಮುನಿಶಾಮಮ್ಮ ಮಾಡುತ್ತಿದ್ದ ಆ ಸಾರಿನಲ್ಲಿ ಒಂದು ತೊಟ್ಟು ಹಾಲೂ ಇರುತ್ತಿರಲಿಲ್ಲ. ಮೊಸರಿಲ್ಲ, ಬೆಣ್ಣೆಯಿಲ್ಲ, ಮಜ್ಜಿಗೆಯ ತಿಳಿಯೂ ಇಲ್ಲ. ಆದರೂ ಬಟ್ಟಲಿಗೆ ಬಿಟ್ಟರೆ ಕಾಯಿಸಿದ ಹಾಲಿನ ಹಾಗೆ ಬೆಳ್ಳಗೆ, ಮಂದವಾಗಿ ಇಳಿಯುತ್ತಿತ್ತು. ಎಳೆ ಸೋರೆಕಾಯಿ, ನೆನೆಸಿದ ಕಡಲೆಕಾಯಿ ಬೀಜ, ಒಂದು ಹಿಡಿ ಅಕ್ಕಿ, ಶುಂಠಿ, ಜೀರಿಗೆ, ಉಪ್ಪು, ಇಷ್ಟೇ. ಇದನ್ನು ಮಾಡಿ ಗಂಡನಿಗೆ ಉಣಿಸಿದ್ದಕ್ಕೆ ಅವಳು ಒಂಬತ್ತು ವರ್ಷ ಗಂಡನನ್ನು ಕೊಂದವಳು ಅನ್ನಿಸಿಕೊಂಡಳು. ಅವನನ್ನು ಕೊಂದದ್ದು ಆ ಸಾರಲ್ಲ ಅಂತ ಊರಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನಾನೋ ಬಾಯಿಬಡುಕಿ. ಸಂತೆಯ ಈ ತುದಿಯಲ್ಲಿ ನಿಂತು ನಾನು ಚೌಕಾಶಿ ಮಾಡಿದರೆ ಆ ತುದಿಯವರಿಗೆ ಬೆಲೆ ಗೊತ್ತಾಗುತ್ತಿತ್ತು. ಅಂಥವಳು ಈ ಒಂದು ವಿಷಯಕ್ಕೆ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ನಾನು ಆಂಜಿನಮ್ಮ, ಸುಗಟೂರಿನ ಹಾಲಿನ ಚನ್ನರಾಯಪ್ಪನ ತಂಗಿ. ನಮ್ಮ ಮನೆಯಲ್ಲಿ ಹೊಲ ಅಂತ ಇದ್ದದ್ದು ಅಷ್ಟಕ್ಕಷ್ಟೆ, ಬದುಕು ನಡೆಯುತ್ತಿದ್ದದ್ದು ಹಸುಗಳಿಂದ. ಅಪ್ಪ ಹೋದಮೇಲೆ ಅಣ್ಣ ಹೆಗಲ ಮೇಲೆ ಕಾವಡಿ ಹೊತ್ತು, ಎರಡು ಕಡೆಯೂ ಹಾಲಿನ ಬಿಂದಿಗೆ ಕಟ್ಟಿಕೊಂಡು, ದಿನಾ ಬೆಳಿಗ್ಗೆ ಕೋಲಾರಕ್ಕೆ ನಡೆಯುತ್ತಿದ್ದ. ಎರಡು ಹೋಟೆಲು, ಹತ್ತೋ ಹನ್ನೆರಡೋ ಮನೆ, ಆಮೇಲೆ ವಾಪಸ್ಸು. ಹಾಲಿನವನಾಗಿ ಹಾಲು ಕುಡಿಯುವುದರಲ್ಲೂ ಅವನು ಎತ್ತಿದ ಕೈ. ರಾತ್ರಿ ಮುದ್ದೆ ಉಂಡಮೇಲೆ ಒಂದು ಚೊಂಬು ಹಾಲು ಇಳಿಯದಿದ್ದರೆ ಅವನಿಗೆ ಊಟವೇ ಅಲ್ಲ. ನಮ್ಮ ಅಮ್ಮ ಮುತ್ಯಾಲಮ್ಮನಿಗೂ ಅಷ್ಟೆ. ತಲೆನೋವಿಗೆ ಹಾಲು, ಕಾಲು ಉಳುಕಿದರೆ ಹಾಲು, ಮದುವೆಯಾಗಿ ಬಂದ ಸೊಸೆ ಬಡಕಲಾಗಿದ್ದರೆ ಅದಕ್ಕೂ ಹಾಲು.

ಆ ಸೊಸೆಯೇ ಮುನಿಶಾಮಮ್ಮ. ಶ್ರೀನಿವಾಸಪುರದ ಕಡೆಯ ಹುಡುಗಿ. ತಾಯಿ ಇಲ್ಲದವಳು, ಬಂದ ಮೂರು ವರ್ಷಕ್ಕೆ ತಂದೆಯೂ ಹೋಗಿ ತವರು ಅನ್ನುವುದೇ ಇಲ್ಲವಾಯಿತು. ಮಾತು ಕಡಿಮೆ, ಆಡಿದರೆ ಅರ್ಧ ತೆಲುಗು. ಮಕ್ಕಳಾಗಲಿಲ್ಲ. ಅದಕ್ಕೆ ಅಮ್ಮ ಆಗಾಗ ಚುಚ್ಚುತ್ತಿದ್ದಳು, ಅಣ್ಣ ಆಗಾಗ ಅಮ್ಮನ ಬಾಯಿ ಮುಚ್ಚಿಸುತ್ತಿದ್ದ. ಅಡುಗೆಯಲ್ಲಿ ಮಾತ್ರ ಅವಳ ಮೇಲೆ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಹೊಲದ ಬದುವಿನಿಂದ ಕೈಗೆ ಸಿಕ್ಕ ನಾಲ್ಕು ಸೊಪ್ಪು ಕಿತ್ತು ತಂದು ಮಸೆದು ಸಾರು ಮಾಡಿದರೆ, ನಾನು ಮುದ್ದೆ ಒಂದು ಸಾಲದೆ ಇನ್ನೊಂದು ಕೇಳುತ್ತಿದ್ದೆ. ನನ್ನನ್ನು ಹೋಳೂರಿಗೆ ವೆಂಕಟರಮಣಪ್ಪನಿಗೆ ಕೊಟ್ಟಮೇಲೆ ನಾನು ತವರನ್ನು ನೆನೆಸಿಕೊಂಡು ಅತ್ತದ್ದು ಅರ್ಧ ಅಮ್ಮನಿಗಾಗಿ, ಇನ್ನರ್ಧ ಅತ್ತಿಗೆಯ ಸಾರಿಗಾಗಿ ಅಂದರೆ ಸುಳ್ಳಲ್ಲ.

ಮೂವತ್ತೇಳನೇ ಇಸವಿಯಲ್ಲಿ ಅಣ್ಣನಿಗೆ ಜ್ವರ ಬಂತು. ಇಪ್ಪತ್ತೊಂದು ದಿನ ಬಿಡದ ಜ್ವರ. ಬಿಟ್ಟಮೇಲೆ ಹೊಟ್ಟೆ ಕೈಕೊಟ್ಟಿತು. ಏನು ತಿಂದರೂ ನಿಲ್ಲದು. ಕಾವಡಿ ಹೊರುತ್ತಿದ್ದ ಹೆಗಲು ಮೂಳೆ ಬಿಟ್ಟುಕೊಂಡು, ಜಗಲಿಯ ಮೇಲೆ ಹಾಸಿದ ಚಾಪೆಯಿಂದ ಎದ್ದು ಹಿತ್ತಲಿಗೆ ಹೋಗುವುದಕ್ಕೂ ಆಸರೆ ಬೇಕಾಯಿತು. ಸುದ್ದಿ ಬಂದಾಗ ನಾನು ಹೋಳೂರಿಂದ ಬಂದು ತವರಿನಲ್ಲೇ ನಿಂತೆ. ಗಾಡಿ ಕಟ್ಟಿಸಿ ಅವನನ್ನು ಕೋಲಾರದ ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಹೊಟ್ಟೆ ಒತ್ತಿ ನೋಡಿ, ನಾಲಿಗೆ ನೋಡಿ, ಕರುಳು ಹುಣ್ಣಾಗಿದೆ ಅಂದರು. ಮೆತ್ತಗಿನ ತರಕಾರಿ ಬೇಯಿಸಿ ನಾರಿಲ್ಲದ ಹಾಗೆ ಸೋಸಿ ಕೊಡಿ, ಗಂಜಿ ಕೊಡಿ. ಹಾಲು, ಮೊಸರು, ಬೆಣ್ಣೆ, ತುಪ್ಪ, ಇವು ಎರಡು ತಿಂಗಳು ಅವನ ಬಾಯಿ ಹತ್ತಿರ ಬರಬಾರದು ಅಂದರು.

ಗಾಡಿಯಲ್ಲಿ ವಾಪಸ್ಸು ಬರುವಾಗ ಅಮ್ಮ ದಾರಿಯುದ್ದಕ್ಕೂ ಗೊಣಗಿದಳು.

“ಹಾಲು ಕುಡಿದು ಸತ್ತೋರನ್ನ ನಾನು ನೋಡಿಲ್ಲ. ಹಸುಗೂಸಿಗೆ ಮೊದಲು ಬಾಯಿಗೆ ಬಿಡೋದು ಏನು? ಹಾಲು ಮಾರೋನ ಮಗನಿಗೆ ಹಾಲು ವಿಷ ಅಂತೆ. ಓದಿದೋರು ಏನ್ ಬೇಕಾದ್ರೂ ಅಂತಾರೆ.”

ನಾನು ಹೂಂ ಹೂಂ ಅಂದೆ. ನನಗೂ ಹಾಗೇ ಅನ್ನಿಸಿತ್ತು. ಈಗ ಓದುವವರು ನಮ್ಮನ್ನು ದಡ್ಡರು ಅಂದುಕೊಳ್ಳಬಹುದು, ಅಂದುಕೊಳ್ಳಲಿ. ಹಾಲಿನಿಂದಲೇ ಉಂಡು, ಉಟ್ಟು, ನನ್ನ ಮದುವೆಯನ್ನೂ ಹಾಲಿನಿಂದಲೇ ಮಾಡಿದ ಮನೆ ಅದು. ಹಾಲು ಕೆಡುಕು ಮಾಡುತ್ತದೆ ಅನ್ನುವುದು ನಮ್ಮ ತಲೆಗೆ ಹೋಗುವ ಮಾತೇ ಆಗಿರಲಿಲ್ಲ. ಅತ್ತಿಗೆ ಒಬ್ಬಳು ಮಾತ್ರ ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೇ ಹಿಡಿದುಕೊಂಡಳು.

ಆದರೆ ರೋಗಿ ಗಂಜಿ ಮುಟ್ಟಬೇಕಲ್ಲ. ಮೊದಲ ದಿನ ಬೇಯಿಸಿದ ಸೋರೆಕಾಯಿಯ ನೀರು ಕೊಟ್ಟರೆ ಅಣ್ಣ ಮುಖ ತಿರುಗಿಸಿದ. “ಇದು ಕಲಗಚ್ಚು ಕಣೇ, ಇದನ್ನ ಎಮ್ಮೆಗೆ ಇಡು” ಅಂದ. ನಾಲ್ಕು ದಿನ ಹೀಗೇ ಆಯಿತು, ಅವನು ಇನ್ನೂ ಇಳಿದ. ಆಗ ಅವನ ಬದಲು ಅತ್ತಿಗೆಯೇ ಬಿಂದಿಗೆ ತಲೆಯ ಮೇಲೆ ಹೊತ್ತು ಕೋಲಾರಕ್ಕೆ ಹೋಗಿ ಹಾಲು ಹಾಕಿ ಬರುತ್ತಿದ್ದಳು. ಹಾಲು ಹಾಕುವ ಮನೆಗಳಲ್ಲಿ ತಾಜುನ್ನೀಸಾ ಅನ್ನುವವರ ಮನೆಯೂ ಒಂದು. ವಯಸ್ಸಾದ ಹೆಂಗಸು, ಅಣ್ಣನನ್ನು ಕಂಡರೆ ಅಕ್ಕರೆ. ಅತ್ತಿಗೆ ಅವರ ಬಾಗಿಲಲ್ಲಿ ನಿಂತು ಕಣ್ಣೀರು ಹಾಕಿದಾಗ ಅವರು ಹೇಳಿಕೊಟ್ಟರಂತೆ:

“ಕಡ್ಲೆಬೀಜ ನೆನೆಸ್ಬಿಟ್ಟು ನುಣ್ಣಗೆ ರುಬ್ಬಮ್ಮ. ನಮ್ಮ ಮನೇಲಿ ಸಾಲನ್‌ಗೆ ಅಂದ್ರೆ ನಮ್ಮ ಗಟ್ಟಿ ಸಾರಿಗೆ ಅದೇ ಹಾಕೋದು. ಹಿಂಡಿ ಹಾಕಿದ್ರೆ ಹಾಲಿನ ಥರಾನೇ ಇರ್ತದೆ, ನಿನ್ನ ಗಂಡ ಕಣ್ಣು ಮುಚ್ಕೊಂಡು ಕುಡೀತಾನೆ.”

ಆ ದಿನದಿಂದ ಅತ್ತಿಗೆಯ ಹೊಸ ಕೆಲಸ ಶುರುವಾಯಿತು. ಅವಳು ಅದನ್ನು ಮಾಡುತ್ತಿದ್ದದ್ದನ್ನು ನಾನು ಎದುರಿಗೆ ಕೂತು ನೋಡಿದ್ದೇನೆ. ಹಿಂದಿನ ಸಂಜೆ ನೆನೆಹಾಕಿದ ಬೀಜದ ಸಿಪ್ಪೆಯನ್ನು ಒಂದೊಂದೇ ಬೆರಳಲ್ಲಿ ಹಿಸುಕಿ ತೆಗೆಯುತ್ತಿದ್ದಳು. ಒಂದು ಸಿಪ್ಪೆ ಉಳಿದರೂ ಬಣ್ಣ ಕೆಂಪಾಗುತ್ತದೆ, ಬಣ್ಣ ಕೆಂಪಾದರೆ ಅವರು ಕುಡಿಯೋದಿಲ್ಲ ಅನ್ನುತ್ತಿದ್ದಳು. ಮುಗ್ಗಿದ ಬೀಜ, ಚುಕ್ಕೆಯಿರುವ ಬೀಜ ಎಲ್ಲಾ ಆಚೆಗೆ. ಆಮೇಲೆ ಒರಳಿಗೆ ಹಾಕಿ, ತೊಟ್ಟು ತೊಟ್ಟೇ ನೀರು ಬಿಟ್ಟುಕೊಂಡು, ಬೆರಳಿಗೆ ತರಿ ಸಿಗದಷ್ಟು ರುಬ್ಬುತ್ತಿದ್ದಳು. ಹಳೆಯ ಸೀರೆಯ ಮೆತ್ತನೆಯ ಬಟ್ಟೆಯಲ್ಲಿ ಎರಡು ಸಲ ಹಿಂಡುತ್ತಿದ್ದಳು. ಸೋರೆಕಾಯಿಯ ತಿರುಳು ತೆಗೆದು, ಅಕ್ಕಿಯ ಜೊತೆ ಬೇಯಿಸಿ, ಸೊಪ್ಪು ಮಸೆಯುವ ಕೋಲಿನಲ್ಲಿ ಮಸೆದು, ಅದನ್ನೂ ಬಟ್ಟೆಯಲ್ಲಿ ಸೋಸುತ್ತಿದ್ದಳು. ಕೊನೆಗೆ ಎರಡನ್ನೂ ಮಡಕೆಯಲ್ಲಿ ಸೇರಿಸಿ, ಒಲೆಯಿಂದ ಸೌದೆ ಹಿಂದಕ್ಕೆ ಎಳೆದು, ಬರೀ ಕೆಂಡದ ಕಾವಿನಲ್ಲಿ ಬಿಡದೆ ತಿರುಗಿಸಬೇಕು. ಕುದಿ ಬಂದರೆ ಒಡೆಯುತ್ತದೆ. ಕುದಿ ಬರುವ ಮುಂಚೆ ಮೇಲೆ ಒಂದು ಸಣ್ಣ ನಡುಕ ಕಾಣುತ್ತದೆ, ಆಗ ಇಳಿಸಿ ಉಪ್ಪು ಹಾಕಬೇಕು. ಒಂದು ಬಟ್ಟಲು ಸಾರಿಗೆ ಅರ್ಧ ದಿನದ ಕೆಲಸ, ಅದೂ ಕೋಲಾರಕ್ಕೆ ನಡೆದು ಬಂದ ಕಾಲಲ್ಲಿ.

ಮೊದಲ ಸಲ ಮಾಡಿದ್ದನ್ನು ಗಂಡನಿಗೆ ಕೊಡಲಿಲ್ಲ. ಚೊಂಬಿಗೆ ಬಾಳೆಲೆ ಕಟ್ಟಿ ಡಾಕ್ಟರ ಹತ್ತಿರ ಒಯ್ದು ತೋರಿಸಿದಳು. ಅವರು ಒಂದು ಚಮಚ ಬಾಯಿಗೆ ಹಾಕಿಕೊಂಡು, ಬೀಜದ ಹಾಲು ಸ್ವಲ್ಪವೇ ಇರಲಿ, ಬೇಕಾದರೆ ದಿನ ಕಳೆದ ಹಾಗೆ ಹೆಚ್ಚಿಸು ಅಂದರಂತೆ. ಅವಳು ಅದನ್ನು ನಮಗೆಲ್ಲ ಎರಡೆರಡು ಸಲ ಹೇಳಿದಳು. ಅಮ್ಮ ಕೇಳಿಸಿಕೊಂಡೂ ಕೇಳಿಸದವಳ ಹಾಗೆ ದನದ ಕೊಟ್ಟಿಗೆಗೆ ಹೋದಳು.

ಅಣ್ಣ ಬಟ್ಟಲು ನೋಡಿದ, ಹೆಂಡತಿಯ ಮುಖ ನೋಡಿದ.

“ಎಷ್ಟು ನೀರು ಬೆರೆಸಿದೀಯ ಹಾಲಿಗೆ?”

“ಹಾಲಲ್ಲ. ಸೋರೆಕಾಯಿ ಸಾರು.”

“ಇಪ್ಪತ್ತು ವರ್ಷ ಹಾಲು ಅಳೆದಿದೀನಿ, ನನಗೇ ಸುಳ್ಳು ಹಾಲು ಕೊಡ್ತೀಯ?” ಅಂದ. ಅಂದರೂ ಕುಡಿದ. ಬಟ್ಟಲಿನ ಅಂಚನ್ನೂ ಬೆರಳಲ್ಲಿ ಸವರಿಕೊಂಡ. ಅವತ್ತಿಂದ ನಮ್ಮ ಮನೆಯಲ್ಲಿ ಅದರ ಹೆಸರೇ ಸುಳ್ಳು ಹಾಲಿನ ಸಾರು. “ಏನೇ, ಸುಳ್ಳು ಹಾಲು ಕರೆದಾಯ್ತಾ?” ಅಂತ ಚಾಪೆಯಿಂದಲೇ ಕೂಗುತ್ತಿದ್ದ. ಅತ್ತಿಗೆ ನಗುತ್ತಿದ್ದಳು. ಅವಳು ನಗುವುದನ್ನು ನಾನು ಅಷ್ಟು ನೋಡಿದ್ದು ಆ ದಿನಗಳಲ್ಲೇ.

ಹದಿನೈದು ದಿನಕ್ಕೆ ಹೊಟ್ಟೆ ಹಿಡಿತಕ್ಕೆ ಬಂತು. ಇಪ್ಪತ್ತು ದಿನಕ್ಕೆ ಅವನು ಗೋಡೆ ಹಿಡಿದುಕೊಂಡು ಕೊಟ್ಟಿಗೆಯವರೆಗೆ ಹೋಗಿ ಹಸುವಿನ ಮೈ ಸವರಿ ಬಂದ. ಅಲ್ಲೇ ಆದದ್ದು ತೊಂದರೆ. ನಮ್ಮ ಕೆಂದ ಹಸು ಆಗತಾನೆ ಕರು ಹಾಕಿತ್ತು. ಅದರ ಹಾಲು ಒಲೆಯ ಮೇಲೆ ಉಕ್ಕುವ ವಾಸನೆ ಜಗಲಿಗೆ ಬರುತ್ತಿತ್ತು. ಅಣ್ಣ ಆ ಕಡೆಗೇ ತಿರುಗಿ ಮಲಗುತ್ತಿದ್ದ.

ಒಂದು ಬೆಳಿಗ್ಗೆ ಅತ್ತಿಗೆ ಕೋಲಾರಕ್ಕೆ ಹೋಗಿದ್ದಳು, ಅಮ್ಮ ಹೊಲಕ್ಕೆ ಹೋಗಿದ್ದಳು. ಅಣ್ಣ ನನ್ನನ್ನು ಕರೆದ. “ಆಂಜಿನೀ, ಒಂದೇ ಒಂದು ಗುಟುಕು ಕೊಡೇ. ಒಂದು ಗುಟುಕಿಗೆ ಏನಾಗುತ್ತೆ?” ಅಂದ. ಆ ದನಿಯನ್ನು ಹೇಗೆ ಹೇಳಲಿ. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆ ಏರಿಯ ಮೇಲೆ ಓಡಿದವನು ನನ್ನ ಮುಂದೆ ಕೈ ಚಾಚುತ್ತಿದ್ದ. ನಾನು ಗುಟುಕು ಕೊಡಲಿಲ್ಲ, ಚೊಂಬು ತುಂಬ ಕೊಟ್ಟೆ. ಕೆನೆ ಸಮೇತ. ಇಷ್ಟು ದಿನ ಇವನಿಗೆ ಕೊಡಬೇಕಾದದ್ದನ್ನು ಕೊಡದೆ ಸತಾಯಿಸಿದೆವಲ್ಲ ಅಂತ ನನ್ನ ಕಣ್ಣಲ್ಲಿ ನೀರು ಬಂತು. ಅವನು ಮೆಲ್ಲಗೆ, ಕಣ್ಣು ಮುಚ್ಚಿಕೊಂಡು ಕುಡಿದ. ಕುಡಿದು ಚೊಂಬು ಕೊಡುತ್ತಾ, “ಅವಳಿಗೆ ಹೇಳಬೇಡ ಕಣೇ. ಪಾಪ, ಅಷ್ಟೊಂದು ರುಬ್ತಾಳೆ” ಅಂದ.

ಆ ದಿನ ಅವನಿಗೆ ಏನೂ ಆಗಲಿಲ್ಲ. ಚೆನ್ನಾಗಿ ನಿದ್ದೆ ಮಾಡಿದ. ನೋಡಿದೆಯಾ, ನಾವು ಹೇಳಿದ್ದೇ ನಿಜ ಅಂತ ನಾನು ಮನಸ್ಸಿನಲ್ಲೇ ಬೀಗಿದೆ. ಮಾರನೇ ದಿನವೂ ಕೊಟ್ಟೆ, ಅದರ ಮಾರನೇ ದಿನವೂ ಕೊಟ್ಟೆ. ಅತ್ತಿಗೆ ಬಂದು ಸಾರು ಮಾಡಿ ಕೊಟ್ಟರೆ, ಹೊಟ್ಟೆ ತುಂಬಿದವನು ಅರ್ಧ ಕುಡಿದು ಇಡುತ್ತಿದ್ದ. ಅವಳು ಕಡಿಮೆಯಾದ ಅರ್ಧವನ್ನು ನೋಡುತ್ತಾ, ಉಪ್ಪು ಹೆಚ್ಚಾಯಿತೇನೋ ಅಂತ ತಾನೇ ರುಚಿ ನೋಡುತ್ತಿದ್ದಳು. ಮೂರನೇ ದಿನ ಸಂಜೆ ಹೊಟ್ಟೆ ಕಿತ್ತುಕೊಂಡಿತು. ಈ ಸಲ ರಕ್ತವೂ ಬಂತು. ಡಾಕ್ಟರು ಗಾಡಿಯಲ್ಲಿ ಬಂದು ಔಷಧಿ ಕೊಟ್ಟು, “ಏನು ಕೊಟ್ಟಿರಿ?” ಅಂತ ಕೇಳಿದರು. “ಸಾರು ಬಿಟ್ಟು ಬೇರೇನೂ ಇಲ್ಲ ಸ್ವಾಮಿ” ಅಂದಳು ಅತ್ತಿಗೆ. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಆಗ ಹೇಳಿದ್ದರೆ ಅವರು ಬೇರೆ ಔಷಧಿ ಕೊಡುತ್ತಿದ್ದರೋ ಏನೋ. ಐದನೇ ದಿನಕ್ಕೆ ಅಣ್ಣ ಹೋದ. ಮೂವತ್ತಾರು ವರ್ಷ.

ಹಾಲೇ ಕೊಂದಿತೋ, ರೋಗವೇ ಮರುಕಳಿಸಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಸಾರು ಕೊಲ್ಲಲಿಲ್ಲ ಅನ್ನುವುದಷ್ಟು ಗೊತ್ತು.

ಅಮ್ಮ ಹೆಣದ ಮುಂದೆ ಕೂತು ತೆಲುಗಿನಲ್ಲಿ ಹಾಡಿಕೊಂಡು ಅತ್ತಳು. “ಪಾಲಿಯ್ಯಕುಂಡ ಸಂಪೇಸಿಂದಿ” ಅನ್ನುವುದೊಂದೇ ಮಾತು, ಮತ್ತೆ ಮತ್ತೆ. ಹಾಲು ಕೊಡದೆ ಕೊಂದಳು. ಬಂದವರೆಲ್ಲ ಕೇಳಿಸಿಕೊಂಡರು, ಮನೆಗೆ ಹೋಗಿ ಹೇಳಿದರು. ಹಾಲು ತುಂಬಿದ ಮನೆಯಲ್ಲಿ ಗಂಡನಿಗೆ ಹಾಲು ತಪ್ಪಿಸಿ, ಸಾಬರ ಮನೆಯಲ್ಲಿ ಕಲಿತ ಯಾವುದೋ ಬೀಜದ ನೀರು ಕುಡಿಸಿದಳಂತೆ ಅಂತ ಮಾತು ಊರು ದಾಟಿತು. ಪಾಪ, ತಾಜುನ್ನೀಸಮ್ಮನನ್ನೂ ಬಿಡಲಿಲ್ಲ ಜನ.

ಮೂರನೇ ದಿನ ಹಾಲು-ತುಪ್ಪ. ಮಣ್ಣು ಮಾಡಿದ ಜಾಗಕ್ಕೆ ಹೋಗಿ, ಸತ್ತವರಿಗೆ ಇಷ್ಟವಾದದ್ದನ್ನು ಎಡೆಯಿಟ್ಟು, ಮನೆಯವರೆಲ್ಲ ಒಬ್ಬೊಬ್ಬರಾಗಿ ಗುಡ್ಡೆಯ ಮೇಲೆ ಹಾಲೂ ತುಪ್ಪವೂ ಬಿಡುವುದು ನಮ್ಮಲ್ಲಿ ಪದ್ಧತಿ. ಬಿಡದಿದ್ದರೆ ಹೋದ ಜೀವಕ್ಕೆ ಬಾಯಾರಿಕೆ ಹೋಗುವುದಿಲ್ಲ ಅಂತಾರೆ. ಅತ್ತಿಗೆಯ ಸರದಿ ಬಂದಾಗ ಅವಳು ಚೊಂಬಿಗೆ ಕೈ ನೀಡಿದಳು. ಅಮ್ಮ ಚೊಂಬನ್ನು ಹಿಂದಕ್ಕೆ ಎಳೆದುಕೊಂಡಳು.

“ಬದುಕಿದ್ದಾಗ ಒಂದು ತೊಟ್ಟು ಬಿಡದೋಳು ಈಗ ಹುಯ್ಯೋಕೆ ಬಂದ್ಲು. ಬೇಡ. ಆಂಜಿನೀ, ನೀನು ಹುಯ್ಯಿ ಅವಳ ಪಾಲಿಂದೂ.”

ಚೊಂಬು ನನ್ನ ಕೈಗೆ ಬಂತು. ನೆಂಟರಿಷ್ಟರು ಮೂವತ್ತು ಜನ ನಿಂತಿದ್ದರು. ಅತ್ತಿಗೆ ನೀಡಿದ ಕೈಯನ್ನು ಹಾಗೇ ಇಟ್ಟುಕೊಂಡು ನನ್ನ ಕಡೆ ನೋಡಿದಳು. ಆಗ ಒಂದು ಮಾತು ಸಾಕಿತ್ತು. ನನಗೆ ಹೆದರಿಕೆಯಾಯಿತು. ಅಮ್ಮನಿಗೆ ಹೆದರಿದೆ, ಗಂಡನ ಮನೆಗೆ ಹೆದರಿದೆ, ಅಣ್ಣನನ್ನು ಕೊಂದವಳು ಅನ್ನಿಸಿಕೊಳ್ಳುವುದಕ್ಕೆ ಎಲ್ಲಕ್ಕಿಂತ ಹೆಚ್ಚು ಹೆದರಿದೆ. ಅಣ್ಣ ಹೇಳಬೇಡ ಅಂದಿದ್ದನಲ್ಲ ಅಂತ ನನಗೆ ನಾನೇ ಒಂದು ನೆಪವನ್ನೂ ಕೊಟ್ಟುಕೊಂಡೆ. ನನ್ನ ಪಾಲಿನದು ಹುಯ್ದೆ, ಅವಳ ಪಾಲಿನದೂ ಹುಯ್ದೆ.

ಅತ್ತಿಗೆಗೆ ಹೋಗುವುದಕ್ಕೆ ಬೇರೆ ಜಾಗವಿರಲಿಲ್ಲ. ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಬೇರೆ ಒಲೆ ಹೂಡಿಕೊಂಡಳು. ಹಸು ನೋಡಿಕೊಳ್ಳುವುದು, ಹಾಲು ಕರೆಯುವುದು, ಬಿಂದಿಗೆ ಹೊತ್ತು ಕೋಲಾರಕ್ಕೆ ಹೋಗುವುದು ಎಲ್ಲಾ ಅವಳೇ. ಅವಳು ಹೊತ್ತು ಮಾರಿದ ಹಾಲಿನಲ್ಲಿ ಅಮ್ಮನ ಊಟ ನಡೆಯಿತು. ಆದರೆ ಅವಳು ಬೇಯಿಸಿದ್ದನ್ನು ಅಮ್ಮ ಮುಟ್ಟಲಿಲ್ಲ, ಅವಳ ಕೈಯಿಂದ ನೀರೂ ಕುಡಿಯಲಿಲ್ಲ. ಊರಿನಲ್ಲಿ ಮದುವೆ ಮುಂಜಿಯಾದರೆ ಹಸೆಗೆ ಹೇಗೂ ಕರೆಯುತ್ತಿರಲಿಲ್ಲ, ತರಕಾರಿ ಹೆಚ್ಚುವುದಕ್ಕೂ ಕರೆಯುತ್ತಿರಲಿಲ್ಲ. ಒಂದು ಸಲ ತಾಜುನ್ನೀಸಮ್ಮನೇ ಕಾಯಿಲೆ ಬಿದ್ದು, ಆ ಸಾರು ಮಾಡಿಕೊಡು ಅಂತ ಬಾಯಿ ಬಿಟ್ಟು ಕೇಳಿದರಂತೆ. ಅತ್ತಿಗೆ ಮಾಡಿಕೊಡಲಿಲ್ಲ. ಆ ಸುದ್ದಿ ಕೇಳಿ ನಾನು, ಎಷ್ಟು ಕಲ್ಲು ಮನಸ್ಸಾಯಿತು ಇವಳದು ಅಂದುಕೊಂಡೆ. ನನ್ನ ಧೈರ್ಯ ನೋಡಿ.

ಅಮ್ಮ ನಲವತ್ತೈದರಲ್ಲಿ ತೀರಿಕೊಂಡಳು. ಕೊನೆಯ ತಿಂಗಳು ನಾನೇ ಹೋಗಿ ನೋಡಿಕೊಂಡೆ, ಅತ್ತಿಗೆ ಬಾಗಿಲ ಹೊರಗೆ ಕೂತಿರುತ್ತಿದ್ದಳು. ಸಾಯುವ ಹಿಂದಿನ ದಿನ ಅಮ್ಮ ನನ್ನ ಕೈ ಹಿಡಿದು, ನೀನು ಮಾತ್ರ ನಿನ್ನ ಅಣ್ಣನನ್ನ ಚೆನ್ನಾಗಿ ನೋಡಿಕೊಂಡೆ ಕಣಮ್ಮ ಅಂದಳು. ಹೊರಗಿದ್ದವಳಿಗೆ ಕೇಳಿಸದೆ ಇರಲಿಲ್ಲ.

ಮುಂದಿನ ವರ್ಷ ನನ್ನ ಮಗಳು ಶಾಮಲಳಿಗೆ ಮೂರು ತುಂಬಿತ್ತು. ಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ಅವಳಿಗಿಂತ ಮೊದಲು ಹುಟ್ಟಿದ ಎರಡೂ ನನಗೆ ಉಳಿದಿರಲಿಲ್ಲ. ಮಗುವಿಗೆ ಭೇದಿ ಹತ್ತಿತು. ವಾರಕ್ಕೆ ನಿಲ್ಲಲಿಲ್ಲ, ತಿಂಗಳಿಗೆ ನಿಲ್ಲಲಿಲ್ಲ. ಹಾಲು ಕುಡಿಸಿದರೆ ಗಳಿಗೆಯೊಳಗೆ ಹೊಟ್ಟೆ ಉಬ್ಬಿ ಕಿರುಚುತ್ತಿತ್ತು. ಕೋಲಾರಕ್ಕೆ ಹೊತ್ತುಕೊಂಡು ಹೋದರೆ ಬೇರೆ ಡಾಕ್ಟರಿದ್ದರು. ಅವರೂ ಅದನ್ನೇ ಹೇಳಿದರು. ಹಾಲು ಬೇಡ, ಮೊಸರು ಬೇಡ, ತರಕಾರಿ ಬೇಯಿಸಿ ಸೋಸಿ ಕೊಡು. ನಾನು ಸೋರೆಕಾಯಿ ನೀರು ಮಾಡಿದೆ, ಮಗು ಉಗಿಯಿತು. ಕಡಲೆಬೀಜ ರುಬ್ಬಿ ಹಾಕಿದೆ, ನನ್ನ ಕೈಯಲ್ಲಿ ಅದು ಒಡೆದು ನೀರು ಬೇರೆ ಹಿಟ್ಟು ಬೇರೆ ಆಯಿತು. ಮೂರು ದಿನ ಮಾಡಿದೆ, ಮೂರು ದಿನವೂ ಒಡೆಯಿತು. ಎದುರಿಗೆ ಕೂತು ನೋಡಿದ್ದೆ ಅನ್ನುವುದು ಬಿಟ್ಟರೆ ನನಗೆ ಬರುತ್ತಿದ್ದದ್ದೇನು? ನಾಲ್ಕನೇ ದಿನ ಮಗು ಅಳುವುದನ್ನೂ ಬಿಟ್ಟು ಸುಮ್ಮನೆ ನೋಡುತ್ತಾ ಮಲಗಿತು. ನಾನು ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಸುಗಟೂರಿಗೆ ಹೊರಟೆ.

ಅತ್ತಿಗೆ ಕೊಟ್ಟಿಗೆಯ ಮುಂದೆ ಕೂತು ಹುಲ್ಲು ಕೊಡವುತ್ತಿದ್ದಳು. ನಲವತ್ತಕ್ಕೇ ತಲೆ ಪೂರ್ತಿ ಬೆಳ್ಳಗಾಗಿತ್ತು. ಮಗುವನ್ನು ನೋಡಿದ ತಕ್ಷಣ ಎದ್ದು ಬಂದು ಕೈಗೆ ತೆಗೆದುಕೊಂಡಳು.

“ಏನಾಯ್ತೇ ಇದಕ್ಕೆ? ಮೂಳೆ ಆಗಿದೆಯಲ್ಲೇ.”

ನಾನು ಹೇಳಿದೆ. ಆ ಸಾರು ಮಾಡಿಕೊಡು ಅತ್ತಿಗೆ ಅಂದೆ. ಅವಳು ಮಗುವನ್ನು ನನ್ನ ಕೈಗೆ ವಾಪಸ್ಸು ಕೊಟ್ಟಳು.

“ನನ್ನ ಕೈಲಿ ಬೇಡ ಕಣೇ ಆಂಜಿನಿ.”

“ನಿನ್ನ ಕಾಲು ಹಿಡ್ಕೋತೀನಿ ಅತ್ತಿಗೆ. ಅಮ್ಮ ಅಂದಿದ್ದನ್ನೆಲ್ಲ ಮನಸ್ಸಲ್ಲಿ ಇಟ್ಕೋಬೇಡ.”

“ಅತ್ತೆ ಅಂದಿದ್ದಕ್ಕಲ್ಲ. ಅತ್ತೆ ಅಂದಿದ್ದು ಸರಿಯಾಗೇ ಇತ್ತು.” ಅವಳು ಕೂತುಕೊಂಡಳು. “ಎಲ್ಲಿ ತಪ್ಪು ಮಾಡಿದೆ ಅಂತ ದಿನಾ ಲೆಕ್ಕ ಹಾಕ್ತೀನಿ. ಬೀಜದಲ್ಲಿ ಒಂದಾದ್ರೂ ಮುಗ್ಗಿದ್ದು ಸೇರಿತ್ತೋ, ಬಟ್ಟೆ ಸರಿಯಾಗಿ ಒಗೆದಿರಲಿಲ್ವೋ. ಸ್ವಲ್ಪವೇ ಹಾಕು ಅಂದಿದ್ರು ಡಾಕ್ಟ್ರು, ಇಷ್ಟಪಟ್ಟು ಕುಡೀತಾರಲ್ಲ ಅಂತ ನಾನೇ ಆಸೆಬಿದ್ದು ಜಾಸ್ತಿ ಹಾಕಿಬಿಟ್ಟೆನೋ ಏನೋ. ಕೊನೇ ಮೂರು ದಿನ ಅವರು ಅರ್ಧ ಬಿಡೋರು. ಅವರಿಗೆ ಗೊತ್ತಾಗಿತ್ತು ಏನೋ ಕೆಟ್ಟಿದೆ ಅಂತ. ನನಗೆ ಗೊತ್ತಾಗಲಿಲ್ಲ. ಆವತ್ತಿಂದ ನಾನು ಯಾರಿಗೂ ಬೇಯಿಸಿ ಹಾಕಿಲ್ಲ. ತಾಜುನ್ನೀಸಮ್ಮ ಕೇಳಿದಾಗಲೂ ಹಾಕಲಿಲ್ಲ. ಮಗೂಗೆ ಹೆಂಗೆ ಹಾಕ್ಲಿ?”

ಊರವರು ಅಂದದ್ದನ್ನು ಅವಳು ಸಹಿಸಿಕೊಂಡಿದ್ದಾಳೆ ಅಂದುಕೊಂಡಿದ್ದೆ. ಅವಳು ಅದನ್ನು ನಂಬಿಬಿಟ್ಟಿದ್ದಳು. ಒಂಬತ್ತು ವರ್ಷ ನನಗೆ ಹೊಳೆಯದೆ ಇದ್ದದ್ದು ಇದೊಂದು. ನನ್ನ ತೊಡೆಯ ಮೇಲೆ ಮಗು ಉಸಿರಾಡುತ್ತಿತ್ತು, ಅಷ್ಟೆ. ನಾನು ಬಾಯಿ ಬಿಡದಿದ್ದರೆ ಅವಳು ಒಲೆ ಹಚ್ಚುವುದಿಲ್ಲ, ಒಲೆ ಹಚ್ಚದಿದ್ದರೆ ಇದೂ ಉಳಿಯುವುದಿಲ್ಲ.

“ಅಣ್ಣನಿಗೆ ಹಾಲು ಕೊಟ್ಟೆ ಅತ್ತಿಗೆ. ನಾನು. ನೀನು ಕೋಲಾರಕ್ಕೆ ಹೋದಾಗ. ಮೂರು ದಿನ, ದಿನಕ್ಕೊಂದು ಚೊಂಬು. ಅದಕ್ಕೇ ಸಾರು ಅರ್ಧ ಬಿಡ್ತಿದ್ದ.”

ಅವಳು ನನ್ನ ಬಾಯನ್ನೇ ನೋಡುತ್ತಾ ಕೂತಳು.

“ಅತ್ತೆಗೆ ಗೊತ್ತಿತ್ತಾ?”

“ಇಲ್ಲ.”

“ಹೋದ ವರ್ಷದವರೆಗೂ ಇದ್ರಲ್ಲೇ ಅತ್ತೆ” ಅಂದಳು. ಆಮೇಲೆ, “ಕುಡಿದಾಗ ಏನಂದ್ರು ಅವರು?” ಅಂತ ಕೇಳಿದಳು.

ಅಣ್ಣ ಅಂದದ್ದನ್ನು ಅಂದ ಹಾಗೇ ಹೇಳಿದೆ. ಅಷ್ಟೊಂದು ರುಬ್ತಾಳೆ ಅನ್ನುವ ಮಾತಿಗೆ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಣ್ಣ ಸತ್ತ ದಿನವೂ ಅವಳು ದನಿ ತೆಗೆದು ಅತ್ತಿರಲಿಲ್ಲ, ಅಳುವುದಕ್ಕೆ ತನಗೆ ಹಕ್ಕಿಲ್ಲ ಅಂದುಕೊಂಡಿದ್ದಳೋ ಏನೋ. ಅವತ್ತು ಅತ್ತಳು. ಹಸುಗಳು ಹಗ್ಗ ಜಗ್ಗಿಕೊಂಡು ತಿರುಗಿ ನೋಡಿದವು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಒಳಗೆ ಹೋಗಿ ಮೊರದಲ್ಲಿ ಕಡಲೆಬೀಜ ತಂದು ಆರಿಸುವುದಕ್ಕೆ ಕೂತಳು. ನೆನೆಯುವುದಕ್ಕೆ ಹೊತ್ತಿಲ್ಲ ಅಂತ ಬಿಸಿನೀರಿನಲ್ಲಿ ಹಾಕಿದಳು.

ಇಪ್ಪತ್ತೆಂಟು ದಿನ ನಾನೂ ಮಗುವೂ ಅಲ್ಲೇ ಇದ್ದೆವು. ಮಗು ಮೊದಲ ದಿನ ನಾಲ್ಕು ಚಮಚ ಕುಡಿಯಿತು, ವಾರಕ್ಕೆ ಒಂದು ಬಟ್ಟಲು. ನನಗೂ ಕಲಿಸಿದಳು. ನನ್ನ ಕೈ ಹಿಡಿದು ತಿರುಗಿಸಿ, “ಈಗ, ಈಗ ಇಳಿಸು” ಅನ್ನುತ್ತಿದ್ದಳು. ನಾನು ಮಾಡಿದ್ದು ಒಡೆಯದೆ ನಿಂತ ದಿನ, “ಬಂತಲ್ಲ, ಇನ್ನು ಹೋಗಮ್ಮ ನಿನ್ನ ಮನೆಗೆ” ಅಂದಳು. ಅದುವರೆಗೂ ನನ್ನನ್ನು ಆಂಜಿನಿ ಅಂತಲೇ ಕರೆದವಳು. ಆ ದಿನದಿಂದ ಮಾತು ಬಂದಾಗೆಲ್ಲ, ಹೊರಗಿನವರನ್ನು ಕರೆದ ಹಾಗೆ, ಆಂಜಿನಮ್ಮ ಅಂದಳು.

ಮಗು ಉಳಿಯಿತು. ಅವಳಿಗೆ ತಲೆಕೂದಲು ಇಳಿಸುವ ದಿನ ನೆಂಟರನ್ನೆಲ್ಲ ಸುಗಟೂರಿಗೇ ಕರೆದೆ. ಎಲೆ ಎತ್ತಿದಮೇಲೆ ಎಲ್ಲರ ಮುಂದೆ ನಿಂತು ಹೇಳಿದೆ. ಅಣ್ಣನಿಗೆ ಹಾಲು ಕೊಟ್ಟವಳು ನಾನು, ಅತ್ತಿಗೆಯ ಸಾರಿನಲ್ಲಿ ದೋಷವಿರಲಿಲ್ಲ, ನಿಮ್ಮೆಲ್ಲರ ಬಾಯಲ್ಲಿ ಅವಳಿಗೆ ಬಂದ ಕೆಟ್ಟ ಹೆಸರು ನನಗೆ ಬರಬೇಕಾಗಿತ್ತು ಅಂದೆ. ಉಗಿಯಲಿ, ಹೊಡೆಯಲಿ ಅಂತ ಗಟ್ಟಿ ಮಾಡಿಕೊಂಡೇ ನಿಂತಿದ್ದೆ.

ಯಾರೂ ಉಗಿಯಲಿಲ್ಲ. ನಮ್ಮ ಚಿಕ್ಕಮ್ಮ ಮುನಿಗಂಗಮ್ಮ ಎದ್ದು ಬಂದು ನನ್ನ ತಲೆ ಸವರಿದಳು.

“ಮಗೂನ ಉಳಿಸಿದ ಋಣಕ್ಕೆ ಅವಳ ಪಾಪಾನ ನೀನು ತಲೆ ಮೇಲೆ ಹೊತ್ಕೊಂಡೆ. ಎಂಥ ದೊಡ್ಡ ಮನಸ್ಸು ಕಣೇ ನಿಂದು. ಇಷ್ಟು ಯಾರು ಮಾಡ್ತಾರೆ?”

ಹೌದು ಹೌದು ಅಂದರು ಉಳಿದವರು. ನಾನು ಸುಳ್ಳಲ್ಲ ಅಂದೆ, ದೇವರಾಣೆ ಮಾಡಿದೆ, ಮಗಳ ತಲೆ ಮುಟ್ಟಿ ಹೇಳಲೇ ಅಂದೆ. ನಾನು ಹೇಳಿದಷ್ಟೂ ಅವರ ಕಣ್ಣು ಒದ್ದೆಯಾಯಿತು. ಬೆಳಿಗ್ಗೆ ಅತ್ತಿಗೆ ಅಂಜುತ್ತಾ ಅಂಜುತ್ತಾ ಒಂದು ಗುಡಾಣ ಹುಳಿ ಮಾಡಿ ಬಡಿಸುವವರ ಮುಂದೆ ಇಟ್ಟಿದ್ದಳು. ಕೊಟ್ಟಿಗೆಯ ಹತ್ತಿರ ಹೋಗಿ ನೋಡಿದರೆ ಯಾರೋ ಅದನ್ನು ಅಲ್ಲಿಗೆ ಎತ್ತಿಟ್ಟಿದ್ದರು, ಬಾಯಿಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚಿರಲಿಲ್ಲ.

ಸಂಜೆ ನೆಂಟರೆಲ್ಲ ಹೋದಮೇಲೆ ಅವಳ ಹತ್ತಿರ ಕೂತೆ. ಹೇಳಿದೆ ಅತ್ತಿಗೆ, ಯಾರೂ ನಂಬಲಿಲ್ಲ ಅಂದೆ. ಅವಳು ಹಸುವಿನ ಕಾಲು ಕಟ್ಟುತ್ತಿದ್ದಳು, ತಿರುಗಲಿಲ್ಲ.

“ನಾನೇ ಒಂಬತ್ತು ವರ್ಷ ನಂಬಿದ್ದೆನಲ್ಲ ಆಂಜಿನಮ್ಮಾ. ಅವರನ್ನ ಏನಂತ ಅನ್ನೋದು?”

ಆಮೇಲೆ ಹಾಲು ಕರೆಯುವುದಕ್ಕೆ ಕೂತಳು. ಮೂರು ವರ್ಷವಾದ ಮೇಲೆ, ನಲವತ್ತೊಂಬತ್ತರಲ್ಲಿ, ಕೋಲಾರದ ದಾರಿಯಲ್ಲಿ ಬಿಂದಿಗೆ ಸಮೇತ ಕುಸಿದು ಬಿದ್ದವಳು ಏಳಲಿಲ್ಲ. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿಬಿಟ್ಟಿದ್ದರು. ಅವತ್ತೂ ಹೇಳಿದೆ, ಆಮೇಲೂ ಎಷ್ಟೋ ಮನೆಗಳಲ್ಲಿ ಕೂತು ಹೇಳಿದ್ದೇನೆ. ಎಲ್ಲರೂ ತಲೆಯಾಡಿಸಿ ಕೇಳಿಸಿಕೊಳ್ಳುತ್ತಾರೆ. ಸುಗಟೂರಿನಲ್ಲಿ ಇವತ್ತಿಗೂ ನನಗೆ ಒಳ್ಳೆಯ ನಾದಿನಿ ಅಂತ ಹೆಸರು.